ಬೀಗರ ಗೇಟೂ ನನ್ನ ಸ್ಟೀರಿಂಗೂ

ಮನುಷ್ಯನ ತಲೆ ಯಾವ ವಯಸ್ಸಿನಲ್ಲಾದರೂ ಹೊಸದನ್ನು ಕಲಿಯುತ್ತದೆ ಎಂದು ನಾನು ನಂಬುತ್ತೇನೆ. ಕೈ ಮಾತ್ರ ಕಲಿಯುವುದಿಲ್ಲ. ಕೈ ಎನ್ನುವುದು ಹಳೆಯ ಸರ್ಕಾರಿ ನೌಕರನಿದ್ದ ಹಾಗೆ. ಮೇಲಿನಿಂದ ಎಷ್ಟೇ ಹೊಸ ಸುತ್ತೋಲೆ ಬರಲಿ, ಓದಿ, ಸಹಿ ಹಾಕಿ, ಪಕ್ಕಕ್ಕಿಟ್ಟು, ಹಿಂದಿನಿಂದ ನಡೆದುಬಂದ ಕ್ರಮದಲ್ಲೇ ಕೆಲಸ ಮಾಡುತ್ತದೆ. ನಾನೂ ಸರ್ಕಾರಿ ನೌಕರನೇ ಆದ್ದರಿಂದ ಈ ಹೋಲಿಕೆ ಮಾಡುವ ಅಧಿಕಾರ ನನಗಿದೆ. ಈ ಸತ್ಯ ನನಗೆ ಹೊಳೆದದ್ದು ಧ್ಯಾನಕ್ಕೆ ಕೂತಾಗ ಅಲ್ಲ. ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಹೊಚ್ಚಹೊಸ ಕಾರಿನ ಹಿಂಬಾಗಿಲು ಸಿಮೆಂಟಿನ ಕಂಬಕ್ಕೆ ಮೈ ಉಜ್ಜಿಕೊಂಡು ನಿಂತಾಗ.

ನಾನು ತಿಪಟೂರಿನ ಕಡೆಯವನು. ಓದು ಮುಗಿಯುತ್ತಿದ್ದಂತೆ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ ಅಹಮದಾಬಾದಿಗೆ ಬಂದೆ, ಇಲ್ಲೇ ಉಳಿದೆ. ಉಪಕರಣಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಒಂದು ತಿರುಪು ಇಷ್ಟು ತಿರುಗಿದರೆ ಮುಳ್ಳು ಎಷ್ಟು ಸರಿಯಬೇಕು, ಅಷ್ಟು ಸರಿಯಿತೇ ಇಲ್ಲವೇ ಎಂದು ನೋಡಿ ಬರೆದಿಡುವುದು. ಜೀವನವೆಲ್ಲ ಇದನ್ನೇ ಮಾಡಿದವನಿಗೆ ಒಂದು ಸ್ಟೀರಿಂಗ್ ಎಷ್ಟು ತಿರುಗಿದರೆ ಚಕ್ರ ಎಷ್ಟು ತಿರುಗುತ್ತದೆ ಎನ್ನುವುದು ಅರ್ಥವಾಗಲಿಲ್ಲ ಎಂದರೆ ನೀವು ನಗುತ್ತೀರಿ. ನಗಬೇಡಿ, ಅರ್ಥವಾಗಿತ್ತು. ಅರ್ಥವಾಗುವುದಕ್ಕೂ ಕಾರು ನಿಲ್ಲಿಸುವುದಕ್ಕೂ ಸಂಬಂಧವಿಲ್ಲ, ಅಷ್ಟೆ.

ಮನೆಯಲ್ಲಿ ನನಗೆ ಬರುವ ಕೆಲಸಗಳು ಕಡಿಮೆ. ಚಪಾತಿ ಲಟ್ಟಿಸಿದರೆ ಗುಜರಾತಿನ ನಕ್ಷೆ ಬರುತ್ತದೆ, ಸೌರಾಷ್ಟ್ರ ಸಮೇತ. ಇಷ್ಟು ವರ್ಷ ಇಲ್ಲಿದ್ದರೂ ನನ್ನ ಗುಜರಾತಿ ತರಕಾರಿ ಗಾಡಿಯನ್ನು ದಾಟಿ ಮುಂದೆ ಹೋಗಿಲ್ಲ. ನನ್ನ ಹೆಂಡತಿ ವಸಂತಿ ಹಾಗಲ್ಲ. ಬಂದ ಮೊದಲ ನವರಾತ್ರಿಯಲ್ಲೇ ಗರ್ಬಾ ಕಲಿತಳು, ಗರ್ಬಾದ ಜೊತೆಯಲ್ಲಿ ಗುಜರಾತಿ ಕಲಿತಳು, ಈಗ ನಮ್ಮ ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟಿನ, ಹೆಂಗಸರು ತಮ್ಮ ಅತ್ತೆಯಂದಿರ ಬಗ್ಗೆ ಅವಳ ಹತ್ತಿರ ಗುಜರಾತಿಯಲ್ಲೇ ದೂರು ಹೇಳಿಕೊಳ್ಳುತ್ತಾರೆ. ಇಂಥ ಮನೆಯಲ್ಲಿ ನನ್ನದು ಅಂತ ಇದ್ದ ಒಂದೇ ವಿದ್ಯೆ ಕಾರು ನಿಲ್ಲಿಸುವುದು. ನಮ್ಮ ಜಾಗ ನೆಲಮಾಳಿಗೆಯ ಒಂದು ಮೂಲೆ. ಎಡಗಡೆ ಕಂಬ, ಬಲಗಡೆ ಪಕ್ಕದ ಮನೆಯ ಪರೇಶಭಾಯಿಯ ದೊಡ್ಡ ಗಾಡಿ. ಆ ಸಂದಿಗೆ ನನ್ನ ಹಳೆಯ ಕಾರನ್ನು ಹಿಮ್ಮುಖವಾಗಿ ಒಂದೇ ಏಟಿಗೆ ಹೊಗಿಸುತ್ತಿದ್ದೆ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಸುತ್ತಬೇಕು, ಪೂರ್ತಿ ಬಲಕ್ಕೆ ಸುತ್ತಬೇಕು, ಮತ್ತೆ ನೆಟ್ಟಗೆ ಮಾಡಬೇಕು. ಬಾವಿಯಿಂದ ನೀರು ಸೇದಿದಷ್ಟು ಕೆಲಸ. ಆದರೂ ನೆಂಟರು ಬಂದಾಗ ಅವರನ್ನು ಮೊದಲೇ ಇಳಿಸದೆ ಒಳಗೇ ಕೂರಿಸಿಕೊಂಡು ನಿಲ್ಲಿಸುತ್ತಿದ್ದೆ, ನೋಡಲಿ ಎಂದು.

ಆಮೇಲೆ ಬಲಭುಜ ಹಿಡಿದುಕೊಂಡಿತು. ಮೊದಲು ಶರ್ಟು ಹಾಕುವಾಗ ನೋವು, ಆಮೇಲೆ ಬಚ್ಚಲಲ್ಲಿ ಬೆನ್ನಿಗೆ ನೀರು ಹುಯ್ದುಕೊಳ್ಳುವಾಗ ನೋವು. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು. ಅಹಮದಾಬಾದಿನ ಮೇ ತಿಂಗಳಲ್ಲಿ ಮೈಯ ಒಂದು ಭಾಗವಾದರೂ ಹೆಪ್ಪುಗಟ್ಟಿದೆಯಲ್ಲ, ಪುಣ್ಯವಂತ ನೀನು ಎಂದು ಸಹೋದ್ಯೋಗಿಗಳು ಅಭಿನಂದಿಸಿದರು. ವ್ಯಾಯಾಮ ಹೇಳಿಕೊಡುವ ಹುಡುಗಿ, ಗೋಡೆಯ ಮೇಲೆ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಹತ್ತಿಸಿ ಎಂದಳು. ಹತ್ತಿಸಿದೆ. ಇರುವೆಗಳು ಮೇಲೆ ಹೋದವು, ನನ್ನ ಕೈ ಎದೆಯ ಮಟ್ಟದಲ್ಲೇ ನಿಂತಿತು.

ಒಂದು ಬೆಳಿಗ್ಗೆ, ಎಲ್ಲರೂ ಆಫೀಸಿಗೆ ಹೊರಡುವ ಹೊತ್ತಿನಲ್ಲಿ, ಮರೆತಿದ್ದ ಕನ್ನಡಕ ತರಲು ವಾಪಸ್ಸು ಬಂದವನು ಕಾರನ್ನು ನಮ್ಮ ಜಾಗಕ್ಕೆ ಹಿಮ್ಮುಖವಾಗಿ ಬಿಡುತ್ತಿದ್ದೆ. ಅರ್ಧ ತಿರುಗಿಸುವಷ್ಟರಲ್ಲಿ ಭುಜ ಮುಷ್ಕರ ಹೂಡಿತು. ಕೈ ಎತ್ತಲಾಗಲಿಲ್ಲ. ಕಾರು ದಾರಿಗೆ ಅಡ್ಡವಾಗಿ ನಿಂತಿತು. ಹಿಂದೆ ಒಂದು ಕಾರು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಶಾಲೆಯ ಮಕ್ಕಳ ವ್ಯಾನು. ಯಾರೂ ಹಾರ್ನ್ ಮಾಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಪರೇಶಭಾಯಿ ಇಳಿದು ಬಂದು, ಬಾಗಿಲು ತೆಗೆದು, ಆಸ್ಪತ್ರೆಯಲ್ಲಿ ರೋಗಿಯನ್ನು ಇಳಿಸಿದ ಹಾಗೆ ನನ್ನನ್ನು ಇಳಿಸಿ, ತಾನೇ ಕೂತು ಕಾರು ನಿಲ್ಲಿಸಿಕೊಟ್ಟ. ಕೀಲಿಕೈ ಕೊಡುವಾಗ ಬೆನ್ನು ತಟ್ಟಿದ, ಅದೂ ನೋವಿದ್ದ ಕಡೆಗೇ.

ಇನ್ನು ಕಾರು ಸಾಕು, ಬೇಕಾದಾಗ ಟ್ಯಾಕ್ಸಿ ಕರೆಸೋಣ ಎಂದಳು ವಸಂತಿ. ಹೇಳಿದ್ದು ನ್ಯಾಯವೇ. ಆದರೆ ಒಬ್ಬನಿಗೆ ಬರುವ ಒಂದೇ ವಿದ್ಯೆಯನ್ನು ಕಿತ್ತುಕೊಂಡರೆ ಅವನು ಮನೆಯಲ್ಲಿ ಯಾವ ಲೆಕ್ಕದಲ್ಲಿ ಇರಬೇಕು? ಹೀಗಾಗಿ ನಾನು ಕಡಿಮೆ ಸುತ್ತಿನ ಸ್ಟೀರಿಂಗ್ ಹುಡುಕಿಕೊಂಡು ಹೊರಟೆ. ಒಂದು ಮಳಿಗೆಯಲ್ಲಿ, ನಮ್ಮ ಮಗಳ ವಯಸ್ಸಿನ ಒಬ್ಬಳು ಬಿಳಿ ಕಾರೊಂದನ್ನು ತೋರಿಸಿ, ಇದಕ್ಕೆ ವೇರಿಯಬಲ್ ರೇಷಿಯೋ ಸ್ಟೀರಿಂಗ್ ಇದೆ, ಅಂಕಲ್, ಒಂದೇ ಕೈಯಲ್ಲಿ ಪಾರ್ಕಿಂಗ್ ಆಗುತ್ತದೆ ಎಂದು ಹಿಂದಿಯಲ್ಲಿ ಹೇಳಿದಳು. ಒಂದೇ ಕೈ ಎಂದ ತಕ್ಷಣ ನಾನು ಕಾರು ಕೊಂಡಾಗಿತ್ತು. ಮಿಕ್ಕದ್ದು ಬರೀ ಶಾಸ್ತ್ರ.

ಮನೆಗೆ ಬಂದು ವಸಂತಿಗೆ ಅದರ ಮರ್ಮ ವಿವರಿಸಿದೆ. ಹಳೆಯ ಕಾರಿನಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ಒಂದೇ ಲೆಕ್ಕ, ಮೊದಲಿಂದ ಕೊನೆಯವರೆಗೆ. ಇದರಲ್ಲಿ ಕೆಳಗಿರುವ ಹಲ್ಲುಪಟ್ಟಿಯ ಹಲ್ಲುಗಳೇ ಬೇರೆ ಬೇರೆ ಅಂತರದಲ್ಲಿವೆ. ಸ್ಟೀರಿಂಗ್ ನೆಟ್ಟಗಿದ್ದಾಗ ಸ್ವಲ್ಪ ಅಲ್ಲಾಡಿಸಿದರೆ ಚಕ್ರ ಅಷ್ಟಾಗಿ ಕೇಳಿಸಿಕೊಳ್ಳುವುದಿಲ್ಲ. ಹೆದ್ದಾರಿಯಲ್ಲಿ ಅದೇ ಒಳ್ಳೆಯದು, ಕೈ ನಡುಗಿದರೂ ಗಾಡಿ ನಡುಗುವುದಿಲ್ಲ. ಜಾಸ್ತಿ ತಿರುಗಿಸುತ್ತ ಹೋದ ಹಾಗೆ ಚಕ್ರ ಬೇಗ ಬೇಗ ತಿರುಗುತ್ತದೆ. ಸಂದಿಯಲ್ಲಿ, ಪಾರ್ಕಿಂಗಿನಲ್ಲಿ ಅದು ಒಳ್ಳೆಯದು, ಸುತ್ತಿ ಸುತ್ತಿ ಸಾಯಬೇಕಿಲ್ಲ. ವಸಂತಿ ಬೆಂಡೆಕಾಯಿ ಹೆಚ್ಚುತ್ತಾ ಕೇಳಿಸಿಕೊಂಡು, "ಅಂದ್ರೆ ನಿಮ್ಮ ಥರ. ಸಭೆಯಲ್ಲಿ ಹತ್ತು ಮಾತಾಡಿಸಿದ್ರೆ ಒಂದು ಆಡ್ತೀರಿ, ಮನೇಲಿ ಒಂದಕ್ಕೆ ಹತ್ತು," ಎಂದಳು. ನಾನು ವಿವರಿಸಿದ್ದಕ್ಕಿಂತ ಅದು ಸ್ಪಷ್ಟವಾಗಿತ್ತು.

ಕಾರು ಮನೆಗೆ ಬಂದ ದಿನ ಪೂಜೆಯಾಗಿ, ನಿಂಬೆಹಣ್ಣು ಚಕ್ರದ ಕೆಳಗೆ ಅಪ್ಪಚ್ಚಿಯಾಗಿ, ನೆಲಮಾಳಿಗೆಗೆ ಇಳಿಸಿದೆ. ಪರೇಶಭಾಯಿ, ಅವನ ಹೆಂಡತಿ, ಕಾವಲುಗಾರ, ವಸಂತಿ, ಎಲ್ಲರೂ ಪೇಡ ತಿನ್ನುತ್ತಾ ನಿಂತಿದ್ದರು. ತಲೆಗೆ ಎಲ್ಲ ಗೊತ್ತಿತ್ತು. ಅರ್ಧ ತಿರುಗಿಸು ಸಾಕು ಎಂದು ತಲೆ ಹೇಳಿತು. ಕೈ ಹಳೆಯ ಕ್ರಮದಂತೆ ಪೂರ್ತಿ ತಿರುಗಿಸಿತು. ಕಾರಿನ ಹಿಂಭಾಗ ಕರೆದರೆ ಓಡಿ ಬರುವ ನಾಯಿಯ ಹಾಗೆ ಗಬಕ್ಕನೆ ಎಡಕ್ಕೆ ತಿರುಗಿ, ಕಂಬದ ಹತ್ತಿರ ಹೋಗಿ, ಮೈ ಉಜ್ಜಿ ನಿಂತಿತು. ಸದ್ದು ಹೆಚ್ಚೇನೂ ಆಗಲಿಲ್ಲ. ಪರೇಶಭಾಯಿ ಪೇಡ ಅಗಿಯುವುದನ್ನು ನಿಲ್ಲಿಸಿದ್ದು ಮಾತ್ರ ಕೇಳಿಸಿತು.

ಎಡಗಡೆಯ ಹಿಂಬಾಗಿಲಿನ ಮೇಲೆ ಒಂದು ಮೊಳದುದ್ದ ಗೀರು. ಅದನ್ನು ಈಗಲೇ ಸರಿಮಾಡಿಸುವುದು ಬೇಡ, ಕಲಿಯುವವರೆಗೆ ಇರಲಿ ಎಂದು ವಸಂತಿ ತೀರ್ಪು ಕೊಟ್ಟಳು. ಕಂಬಕ್ಕೂ ಬಿಳಿ ಬಣ್ಣ ಅಂಟಿತ್ತು. ಸೊಸೈಟಿಯ ಮಕ್ಕಳು ಅದನ್ನು ನೋಡಲು ಬಂದು ಹೋಗುತ್ತಿದ್ದವು.

ಇದೇ ಸಮಯಕ್ಕೆ ನಮ್ಮ ಮಗಳು ಮೇಘನಾ ಒಂದು ವಿಷಯ ಹೇಳಿದಳು. ಅವಳು ವಡೋದರಾದಲ್ಲಿ, ಮಕರಪುರಾದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಳೆ, ಮಂಜಲ್‌ಪುರದಲ್ಲಿ ಗೆಳತಿಯರೊಂದಿಗೆ ಮನೆ ಮಾಡಿಕೊಂಡಿದ್ದಾಳೆ. ಅಲ್ಲೇ ಕೆಲಸ ಮಾಡುವ ಜಿಗ್ನೇಶ್ ಎಂಬ ಸೂರತ್ತಿನ ಹುಡುಗನನ್ನು ಮದುವೆಯಾಗಬೇಕೆಂದಿದ್ದಾಳೆ. ನಮಗೆ ಹುಡುಗ ಗೊತ್ತಿದ್ದ, ಎರಡು ಸಲ ಮನೆಗೆ ಬಂದು ವಸಂತಿಯ ಹುಳಿಯನ್ನು ಕುಡಿಯುವ ಲೋಟದಲ್ಲಿ ಕೇಳಿ ಕುಡಿದಿದ್ದ. ನಮ್ಮ ಕಡೆಯಿಂದ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಹುಡುಗನ ತಂದೆ ದಿನೇಶಭಾಯಿಯವರದು. ಬೇಡ ಎಂದಿರಲಿಲ್ಲ, ಹೂಂ ಎಂದೂ ಇರಲಿಲ್ಲ. ಮೊದಲು ಆ ಜನರನ್ನು ನೋಡೋಣ ಎಂದಿದ್ದರಂತೆ. ಆ ಜನ ಎಂದರೆ ನಾವು.

ದಿನೇಶಭಾಯಿಯವರಿಗೆ ಸೂರತ್ತಿನ ಉಧ್ನಾದಲ್ಲಿ ಬಟ್ಟೆ ನೇಯುವ ಸಣ್ಣ ಕಾರ್ಖಾನೆ. ಕೆಳಗೆ ಮಗ್ಗಗಳು, ಮೇಲೆ ಮನೆ. ಅವರ ಬಗ್ಗೆ ಮೇಘನಾ ಫೋನಿನಲ್ಲಿ ಹೇಳಿದ ಒಂದು ಮಾತು ನನ್ನ ನಿದ್ದೆ ಕೆಡಿಸಿತು. "ಪಪ್ಪಾ, ಅಂಕಲ್ ಬಾಲ್ಕನಿಯಲ್ಲಿ ನಿಂತ್ಕೊಂಡು ಇರ್ತದೆ. ಯಾರು ಗಾಡಿ ಹೇಗೆ ಪಾರ್ಕ್ ಮಾಡ್ತಾರೆ ನೋಡಿ, ಆ ಮನುಷ್ಯ ಹೇಗೆ ಅಂತ ಹೇಳ್ತದೆ," ಎಂದಳು. ಅವಳ ಕನ್ನಡದಲ್ಲಿ ಹಿರಿಯರೆಲ್ಲ ನಪುಂಸಕ ಲಿಂಗ. ನಾವು ತಿದ್ದಿ ತಿದ್ದಿ ಬಿಟ್ಟಿದ್ದೇವೆ. ವಿಷಯ ಮಾತ್ರ ನಿಜವಂತೆ. ಗಾಡಿಯನ್ನು ಓರೆಯಾಗಿ ನಿಲ್ಲಿಸಿದ ಒಬ್ಬ ವ್ಯಾಪಾರಿಗೆ ದಿನೇಶಭಾಯಿ ಮಾಲು ಕೊಡಲು ಒಪ್ಪಲಿಲ್ಲವಂತೆ. ಅಳತೆ ಗೊತ್ತಿಲ್ಲದವನ ಮಾತಿಗೂ ಅಳತೆ ಇರುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಸ್ವಂತ ಅಳಿಯ ಬಂದರೂ ಬಾಲ್ಕನಿಯಿಂದ ಚಕ್ರ ನೋಡಿದ ಮೇಲೆಯೇ ಮುಖ ನೋಡುವುದಂತೆ.

ರೈಲಿನಲ್ಲಿ ಹೋಗೋಣ ಎಂದಳು ವಸಂತಿ. ಉಧ್ನಾದಲ್ಲೇ ಸ್ಟೇಷನ್ ಇದೆ, ಇಳಿದರೆ ಮನೆ. ಬೇಡ ಎಂದೆ. ಈಗ ಇದು ಬರೀ ಪಾರ್ಕಿಂಗ್ ಅಲ್ಲ, ಕನ್ಯಾಪಿತೃವಿನ ಮರ್ಯಾದೆ.

ಅಭ್ಯಾಸ ಶುರುವಾಯಿತು. ನಮ್ಮ ಕಡೆ ರಿಂಗ್ ರೋಡಿನಾಚೆ, ಇನ್ನೂ ಕಟ್ಟಡ ಏಳದ ಖಾಲಿ ನಿವೇಶನಗಳಿವೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ವಸಂತಿ ಎರಡು ಪ್ಲಾಸ್ಟಿಕ್ ಬಕೆಟ್ಟುಗಳನ್ನು ಕಂಬವೆಂದೂ, ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಪರೇಶಭಾಯಿಯ ಗಾಡಿಯೆಂದೂ ನಿಲ್ಲಿಸುವಳು. ನಾನು ಹಿಮ್ಮುಖವಾಗಿ ಬರುವುದು. ಅವಳು ಹಿಂದೆ ನಿಂತು "ಸಾಕು, ಸಾಕು" ಎನ್ನುವುದು. ಅವಳ ಸಾಕು ನನ್ನ ಕಿವಿಗೆ ಬಿದ್ದು, ಅಲ್ಲಿಂದ ತಲೆಗೆ ಹೋಗಿ, ತಲೆಯಿಂದ ಕೈಗೆ ಬರುವಷ್ಟರಲ್ಲಿ ಕೆಂಪು ಬಕೆಟ್ಟು ಸ್ವರ್ಗಸ್ಥವಾಗಿತ್ತು. ಬಟ್ಟೆ ಸ್ಟ್ಯಾಂಡು ಆಮೇಲೆ ಎಂದೂ ನೆಟ್ಟಗೆ ನಿಲ್ಲಲಿಲ್ಲ. ಕಷ್ಟ ಎಲ್ಲಿತ್ತೆಂದರೆ, ಮೊದಲ ಕಾಲು ಸುತ್ತಿನಲ್ಲಿ ಕಾರು ಏನೂ ಆಗದವರಂತೆ ಇರುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ನಾನು ಇನ್ನಷ್ಟು ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಅದಕ್ಕೆ ಹಿಂದಿನದೂ ಮುಂದಿನದೂ ಎಲ್ಲ ಒಟ್ಟಿಗೆ ಕೇಳಿಸಿಬಿಡುತ್ತಿತ್ತು.

ಕೊನೆಗೆ ವಸಂತಿಯೇ ಒಂದು ದಾರಿ ಹೇಳಿದಳು: ಎಡಗೈಯಿಂದ ಮಾತ್ರ ತಿರುಗಿಸಿ, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಎಡಗೈಗೆ ಹಳೆಯ ಕಾರಿನ ಅಭ್ಯಾಸ ಅಷ್ಟಿರಲಿಲ್ಲ, ಅದು ಗೇರು ಹಾಕುವುದರಲ್ಲೇ ಆಯಸ್ಸು ಕಳೆದಿತ್ತು. ಹೊಸ ವಿದ್ಯಾರ್ಥಿಯ ಹಾಗೆ ಹೇಳಿದ್ದನ್ನು ಹೇಳಿದಷ್ಟೇ ಮಾಡಿತು. ನೋವಿನ ಭುಜಕ್ಕೂ ವಿಶ್ರಾಂತಿ. ಎರಡು ವಾರದಲ್ಲಿ ನೀಲಿ ಬಕೆಟ್ಟು ಮುಟ್ಟದೆ ನಿಲ್ಲಿಸುವುದು ಬಂತು.

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಡಿಕ್ಕಿಯಲ್ಲಿ ವಸಂತಿ ಮಾಡಿದ ಚಕ್ಕುಲಿ, ಊರಿನ ಕೊಬ್ಬರಿಯ ಮಿಠಾಯಿ. ಎಕ್ಸ್‌ಪ್ರೆಸ್ ವೇ ಹಿಡಿದ ಮೇಲೆ ಆ ಸ್ಟೀರಿಂಗಿನ ಇನ್ನೊಂದು ಗುಣ ಕಂಡೆ. ಅಲ್ಲಿ ಅದು ಪರಮ ಸಾಧು. ಪಕ್ಕದಲ್ಲಿ ಲಾರಿ ಭರ್ರೆಂದು ಹೋದರೂ, ಭುಜ ಚುಳ್ಳೆಂದು ನನ್ನ ಕೈ ಅಲುಗಿದರೂ, ಕಾರು ತನ್ನ ಗೆರೆಯಲ್ಲಿ ತಾನು ಹೋಗುತ್ತಿತ್ತು. ಹಳೆಯ ಕಾರಿನಲ್ಲಿ ವಸಂತಿ ದಾರಿಯುದ್ದಕ್ಕೂ ಬಾಗಿಲ ಮೇಲಿನ ಹಿಡಿಯನ್ನು ಹಿಡಿದು, ಇಲ್ಲದ ಬ್ರೇಕನ್ನು ತುಳಿಯುತ್ತಾ ಕೂತಿರುತ್ತಿದ್ದಳು. ಈ ಸಲ ನಡಿಯಾದ್ ದಾಟುವ ಮುಂಚೆ ಬಾಯಿ ತೆರೆದು ನಿದ್ದೆ ಹೋದಳು. ಕಾರು ಮಾಡಿದವರಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಸಿಕ್ಕಲಾರದು.

ವಡೋದರಾದ ಮಂಜಲ್‌ಪುರದಲ್ಲಿ ಮೇಘನಾ ಹತ್ತಿದಳು. ಹತ್ತುವ ಮೊದಲು ಕಾರನ್ನು ಒಂದು ಸುತ್ತು ಹಾಕಿ ಹಿಂಬಾಗಿಲಿನ ಗೀರು ನೋಡಿದಳು. ಆಮೇಲೆ ತುಂಬ ಮೆಲ್ಲಗೆ, ಮೇನ್ ರೋಡಿನಲ್ಲೇ ಕಾರು ಬಿಟ್ಟುಬಿಡಿ ಪಪ್ಪಾ, ಜಿಗ್ನೇಶ್ ಬಂದು ಒಳಗೆ ತರುತ್ತಾನೆ, ಅಂಕಲ್‌ಗೆ ನಿಮ್ಮ ಭುಜದ ವಿಷಯ ಹೇಳಿದರೆ ಆಯಿತು ಎಂದಳು. ಮಗಳು ಸಣ್ಣವಳಿದ್ದಾಗ, ನಾನು ಆ ಕಂಬದ ಸಂದಿಗೆ ಕಾರು ಹೊಗಿಸಿದಾಗಲೆಲ್ಲ ಹಿಂದಿನ ಸೀಟಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಗೇರು ಹಾಕಿದೆ. ನರ್ಮದೆಯ ಸೇತುವೆ ದಾಟುವಾಗ, ಭರೂಚಿನಲ್ಲಿ ಕೊಂಡ ಉಪ್ಪುಕಡಲೆಕಾಯಿ ಮಾತ್ರ ಮೂವರ ನಡುವೆ ಓಡಾಡುತ್ತಿತ್ತು.

ಉಧ್ನಾದ ಆ ಗಲ್ಲಿ ನೋಡಿದ ಮೇಲೆ ಮಗಳ ಮಾತು ಕೇಳಬೇಕಿತ್ತು ಅನ್ನಿಸಿತು. ಎರಡೂ ಕಡೆ ಮಗ್ಗಗಳ ಖಟಖಟ, ಬಟ್ಟೆಯ ಗಂಟು ಹೊತ್ತ ಟೆಂಪೋಗಳು, ನಡುವೆ ಒಂದು ಹಸು, ಅದಕ್ಕೆ ಯಾರೋ ರೊಟ್ಟಿ ತಿನ್ನಿಸುತ್ತಿದ್ದರು. ಆದರೆ ಒಳಗೆ ಹೋದ ಮೇಲೆ ಸ್ಟೀರಿಂಗ್ ತನ್ನ ಸಾಮರ್ಥ್ಯ ತೋರಿಸಿತು. ಹಳೆಯ ಕಾರಾದರೆ ಆ ತಿರುವುಗಳಲ್ಲಿ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ, ಗಲ್ಲಿಯ ಜನರೆಲ್ಲ ಪರಿಚಯವಾಗಿರುತ್ತಿದ್ದರು. ಇದು ಎಡಗೈಯ ಒಂದು ಸಣ್ಣ ಎಳೆತಕ್ಕೆ ಹಸುವನ್ನೂ ದಾಟಿತು, ಟೆಂಪೋವನ್ನೂ ದಾಟಿತು.

ಬಾಲ್ಕನಿಯಲ್ಲಿ ಬಿಳಿ ಜುಬ್ಬದ, ದಪ್ಪ ಮೀಸೆಯ ಒಬ್ಬರು ಕಟಕಟೆಗೆ ಕೈಯೂರಿ ನಿಂತಿದ್ದರು. ಪರಿಚಯ ಬೇಕಾಗಿರಲಿಲ್ಲ. ಅವರ ಮನೆಯ ಜಗಲಿಗೂ ಒಂದು ಟೆಂಪೋಗೂ ನಡುವೆ ಒಂದು ಕಾರಿನಷ್ಟೇ ಜಾಗವಿತ್ತು. ಜಿಗ್ನೇಶ್ ಓಡಿ ಬಂದು ಕಿಟಕಿಯ ಹತ್ತಿರ ನಿಂತ. ನಾನು ಅವನಿಗೆ ಕೀಲಿಕೈ ಕೊಡಲಿಲ್ಲ. ಮೇಲಿನಿಂದ ದಿನೇಶಭಾಯಿ ಕೈ ಬೀಸುತ್ತಾ, ಬರಲಿ ಬರಲಿ ಎಂಬ ಅರ್ಥದಲ್ಲಿ "ಆವ್ವಾ ದೋ, ಆವ್ವಾ ದೋ" ಎನ್ನತೊಡಗಿದರು. ಗುಜರಾತಿನಲ್ಲಿ ಯಾರೇ ಯಾವ ಗಾಡಿಯನ್ನೇ ಹಿಂದಕ್ಕೆ ತೆಗೆಯಲಿ, ಎಲ್ಲಿಂದಲೋ ಒಬ್ಬರು ಬಂದು ಈ ಮಂತ್ರ ಹೇಳುತ್ತಾರೆ. ಗೋಡೆಗೆ ತಗುಲಿದ ಮೇಲೂ ಕೆಲವರು ನಿಲ್ಲಿಸುವುದಿಲ್ಲ. ನಾನು ಆ ಮಂತ್ರ ಕೇಳಿಸಿಕೊಳ್ಳದೆ, ಮನಸ್ಸಿನಲ್ಲಿ ನೀಲಿ ಬಕೆಟ್ಟನ್ನು ನೆನೆದು, ಬಲಗೈ ತೊಡೆಯ ಮೇಲಿಟ್ಟು, ಎಡಗೈಯಿಂದ ಅರ್ಧ ತಿರುಗಿಸಿ, ನೆಟ್ಟಗೆ ಮಾಡಿ, ನಿಲ್ಲಿಸಿದೆ. ಜಗಲಿಗೂ ಕಾರಿಗೂ ನಡುವೆ ಒಂದು ಗೇಣು, ಹಿಂದೂ ಮುಂದೂ ಒಂದೇ ಸಮ. ಮೇಘನಾ ಚಪ್ಪಾಳೆ ತಟ್ಟಲಿಲ್ಲ, ದೊಡ್ಡವಳಾಗಿದ್ದಾಳೆ. ನಿಟ್ಟುಸಿರು ಮಾತ್ರ ಕೇಳಿಸಿತು. ಬಾಲ್ಕನಿಯವರು ಒಂದು ಸಲ ತಲೆ ಆಡಿಸಿ ಒಳಗೆ ಹೋದರು.

ಊಟಕ್ಕೆ ಚಳಿಗಾಲದ ತರಕಾರಿಗಳನ್ನೆಲ್ಲ ಹಾಕಿ ಬೇಯಿಸಿದ ಊಂಧಿಯು, ಬಿಸಿ ಪೂರಿ, ಜಿಲೇಬಿ. ದಿನೇಶಭಾಯಿ ಕಡಿಮೆ ಮಾತಿನವರು. ಹವೆ ಬಗ್ಗೆ ಎರಡು ಮಾತು, ಹತ್ತಿಯ ನೂಲಿನ ಬಗ್ಗೆ ಎರಡು ಮಾತು, ಅಷ್ಟೆ. ಅವರ ಹೆಂಡತಿ ಮತ್ತು ವಸಂತಿ ಅಡುಗೆಮನೆಯಲ್ಲಿ ಆಗಲೇ ಅಕ್ಕತಂಗಿಯರಂತೆ ಮಾತಾಡುತ್ತಿದ್ದರೆ ನಾವಿಬ್ಬರು ಗಂಡಸರು ಜಿಲೇಬಿಯ ಸುರುಳಿ ಎಣಿಸುತ್ತಿದ್ದೆವು. ಮದುವೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೇಘನಾ ಬಡಿಸುವ ನೆವದಲ್ಲಿ ನಮ್ಮಿಬ್ಬರ ಮುಖವನ್ನೂ ನೋಡಿ ನೋಡಿ ಹೋಗುತ್ತಿದ್ದಳು.

ಕೊನೆಗೆ ಅವರೇ ಹಿಂದಿಯಲ್ಲಿ ಕೇಳಿದರು, ಒಂದೇ ಕೈಯಲ್ಲಿ ಅಷ್ಟು ಕಡಿಮೆ ತಿರುಗಿಸಿ ಹೇಗೆ ನಿಲ್ಲಿಸಿದಿರಿ ಎಂದು. ನನಗೆ ಅಷ್ಟೇ ಬೇಕಿತ್ತು. ವೇರಿಯಬಲ್ ರೇಷಿಯೋ ಬಗ್ಗೆ ಶುರು ಮಾಡಿದೆ. ಚಮಚಗಳನ್ನು ಹಲ್ಲುಪಟ್ಟಿಯ ಹಾಗೆ ಜೋಡಿಸಿ, ಪೂರಿಯನ್ನು ಸ್ಟೀರಿಂಗ್ ಮಾಡಿ ತೋರಿಸಿದೆ. ದಿನೇಶಭಾಯಿ ಯಂತ್ರಗಳ ನಡುವೆ ಬದುಕಿದವರು, ಕಣ್ಣಲ್ಲಿ ಬೆಳಕು ಬಂತು. ತಾವು ಇನ್ನೂ ಓಡಿಸುವುದು ಹಳೆಯ ಜೀಪು, ಸ್ಟೀರಿಂಗ್ ತಿರುಗಿಸಿದರೆ ಚಕ್ರ ಮರುದಿನ ತಿರುಗುತ್ತದೆ ಎಂದರು. ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು: ಮಾಲಿನ ಟೆಂಪೋ ಬಂದಿದೆ, ಕಾರು ಗೇಟಿನ ಒಳಗೆ ಹೋದರೆ ಅನುಕೂಲ ಎಂದು. ನಾನು ಏಳುವಷ್ಟರಲ್ಲಿ ದಿನೇಶಭಾಯಿ ಕೈ ತೊಳೆದು ನಿಂತಿದ್ದರು. ನಾನೇ ಒಳಗೆ ನಿಲ್ಲಿಸುತ್ತೇನೆ, ಆ ಸ್ಟೀರಿಂಗ್ ಹೇಗಿದೆ ನೋಡಬೇಕು ಎಂದರು.

ಮೇಘನಾ ನನ್ನ ಕಡೆ ನೋಡಿದಳು. ಬೇಡ ಎನ್ನುವುದು ಆ ನೋಟದಲ್ಲಿ ಕನ್ನಡ, ಗುಜರಾತಿ, ಇಂಗ್ಲಿಷು ಮೂರೂ ಭಾಷೆಯಲ್ಲಿತ್ತು. ಆದರೆ ಮಗಳನ್ನು ಕೊಡಲು ಬಂದವನು ಕಾರಿನ ಕೀಲಿಕೈ ಕೊಡುವುದಿಲ್ಲ ಎನ್ನಲಾಗುತ್ತದೆಯೇ? ಕೊಟ್ಟೆ. ಪಕ್ಕದಲ್ಲಿ ಕೂತು, ಕಡಿಮೆ ತಿರುಗಿಸಿ, ಮೊದಲು ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ತಿರುಗುತ್ತದೆ ಎಂದು ವಿವರಿಸುತ್ತಲೇ ಇದ್ದೆ. ಅವರು ಎಲ್ಲದಕ್ಕೂ ಹಾಂ ಹಾಂ ಎನ್ನುತ್ತಿದ್ದರು. ಅವರ ತಲೆಗೆ ಪೂರ್ತಿ ಅರ್ಥವಾಗಿತ್ತು ಎನ್ನುವುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಗೇಟಿನ ಮುಂದೆ ಬಂದಾಗ ಅವರ ತೋಳುಗಳು ಜೀಪನ್ನು ತಿರುಗಿಸಿದವು. ಕಾರು ಅವರು ಕೇಳಿದ್ದಕ್ಕಿಂತ ಇಮ್ಮಡಿ ಕೊಟ್ಟಿತು. ಮುಂಭಾಗದ ಎಡಮೂಲೆ ಅವರದೇ ಗೇಟಿನ ಕಲ್ಲುಕಂಬಕ್ಕೆ ಹೋಗಿ ಗುದ್ದಿತು. ಒಂದು ತುಂಡು ಪ್ಲಾಸ್ಟಿಕ್ಕು ಸಾವಧಾನವಾಗಿ ಕೆಳಗೆ ಬಿತ್ತು.

ಮಗ್ಗದವರು ಬಾಗಿಲಿಗೆ ಬಂದರು. ಟೆಂಪೋದವನು ಇಳಿದು ನೋಡಿದ. ಮೇಲೆ ಬಾಲ್ಕನಿಯಲ್ಲಿ ಎರಡೂ ಮನೆಯ ಹೆಂಗಸರು, ಜಿಗ್ನೇಶ್, ಮೇಘನಾ. ಇಷ್ಟು ವರ್ಷ ಆ ಗಲ್ಲಿಯ ಗಾಡಿಗಳನ್ನೆಲ್ಲ ಮೇಲಿನಿಂದ ನೋಡಿ ತೀರ್ಪು ಕೊಟ್ಟ ಮನುಷ್ಯ, ಈಗ ಎಲ್ಲರೂ ಮೇಲಿನಿಂದ ನೋಡುತ್ತಿರುವಾಗ ಸ್ಟೀರಿಂಗ್ ಹಿಡಿದು ಕೂತೇ ಇದ್ದರು. ಕಿವಿ ಕೆಂಪಾಗಿತ್ತು. ನಾನು ಪರವಾಗಿಲ್ಲ, ಪರವಾಗಿಲ್ಲ ಎಂದೆ. ಪರವಾಗಿಲ್ಲ ಎನ್ನುವ ಮಾತಿಗೆ ಇರುವ ಕೆಟ್ಟ ಗುಣವೆಂದರೆ, ಹೇಳಿದಷ್ಟೂ ಆದದ್ದು ದೊಡ್ಡದಾಗುತ್ತದೆ. ಅವರು ನನ್ನ ಕಡೆ ತಿರುಗಲಿಲ್ಲ. ಮದುವೆ ಮುರಿದರೆ ಇದೇ ಕಾರಣಕ್ಕೆ ಮುರಿಯುತ್ತದೆ ಎಂದು ನನಗೆ ಖಚಿತವಾಯಿತು. ತನ್ನ ಗೇಟಿಗೆ ತಾನೇ ಗುದ್ದಿದ್ದನ್ನು ನೋಡಿದವನ ಮುಖವನ್ನು ಹಬ್ಬಹಬ್ಬಕ್ಕೂ ನೋಡಲು ಯಾರಿಗೆ ಇಷ್ಟವಿರುತ್ತದೆ?

ವಸಂತಿ ಕೆಳಗೆ ಇಳಿದು ಬಂದಳು. ಬಂದವಳು ಮುಂಭಾಗವನ್ನು ನೋಡಲಿಲ್ಲ. ನೇರವಾಗಿ ಎಡಗಡೆಯ ಹಿಂಬಾಗಿಲಿನ ಹತ್ತಿರ ಹೋಗಿ, ಅದರ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಗುಜರಾತಿಯಲ್ಲಿ ಶುರು ಮಾಡಿದಳು. ಕಾರು ಬಂದ ದಿನ ಇವರು ನೆಲಮಾಳಿಗೆಯಲ್ಲಿ ಏನು ಮಾಡಿದರು ಗೊತ್ತಾ ಎಂದು. ಪೂಜೆ, ಪೇಡ, ಕಂಬ, ಪರೇಶಭಾಯಿಯ ಬಾಯಿ, ಒಂದನ್ನೂ ಬಿಡಲಿಲ್ಲ. ಮಕ್ಕಳು ಕಂಬ ನೋಡಲು ಬರುವುದನ್ನು ಹೇಳಿದಳು. ಭಾನುವಾರದ ಅಭ್ಯಾಸ ಹೇಳಿದಳು. ಕೆಂಪು ಬಕೆಟ್ಟು ತೀರಿಕೊಂಡದ್ದನ್ನು ಅಭಿನಯಿಸಿ ತೋರಿಸಿದಳು. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆ ನಿಲ್ಲಿಸಿದ್ದು ಶೈಲಿಯಲ್ಲ, ಭುಜ ಏಳುವುದಿಲ್ಲ, ಅಷ್ಟೆ ಎಂದೂ ಹೇಳಿದಳು. ಬಾಲ್ಕನಿಯಿಂದ ನಾನು ಗಳಿಸಿದ್ದ ಆ ಒಂದು ತಲೆಯಾಡಿಕೆಯನ್ನು ನಡುಬೀದಿಯಲ್ಲಿ ಬಿಚ್ಚಿ ಹಂಚಿಬಿಟ್ಟಳು. ನನ್ನ ತರಕಾರಿ ಮಟ್ಟದ ಗುಜರಾತಿಗೂ ಎಲ್ಲ ಅರ್ಥವಾಗುತ್ತಿತ್ತು. ಮೊದಲು ಮಗ್ಗದವರು ನಕ್ಕರು, ಆಮೇಲೆ ಟೆಂಪೋದವನು, ಆಮೇಲೆ ಬಾಲ್ಕನಿ. ದಿನೇಶಭಾಯಿಯ ಮೀಸೆ ಅಲುಗಿತು.

ಅವಳು ಕೊನೆಗೆ ಹೇಳಿದ ಮಾತಿನ ಕನ್ನಡ ಇಷ್ಟು: "ಹಿಂದಿನ ಗೀರು ಇವರದು, ಮುಂದಿನದು ನಿಮ್ಮದು. ಈಗ ಗಾಡಿ ಎರಡೂ ಮನೆಯದಾಯಿತು ನೋಡಿ."

ದಿನೇಶಭಾಯಿ ಕಾರಿನಿಂದ ಇಳಿದರು. ಹಿಂದೆ ಹೋಗಿ ನನ್ನ ಗೀರಿನ ಮೇಲೆ ಬೆರಳಾಡಿಸಿದರು, ಮುಂದೆ ಬಂದು ತಮ್ಮದನ್ನು ನೋಡಿದರು. ಬಟ್ಟೆ ಪರೀಕ್ಷಿಸುವವರ ಗಾಂಭೀರ್ಯದಲ್ಲಿ, ನಿಮ್ಮದು ಉದ್ದ ಇದೆ, ನನ್ನದು ಆಳ ಇದೆ ಎಂದರು. ಆಮೇಲೆ ನನ್ನ ಬಲಭುಜವನ್ನು ಮುಟ್ಟದೆ, ಎಡಭುಜದ ಮೇಲೆ ಕೈಯಿಟ್ಟು, "ಚಾಲೋ ವೇವಾಯ್, ಚಹಾ ಕುಡಿಯೋಣ," ಎಂದರು. ವೇವಾಯ್ ಎಂದರೆ ಬೀಗರು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮೇಲೆ ಮೇಘನಾಗೆ ತಕ್ಷಣ ಅರ್ಥವಾಯಿತು, ಅವಳು ಒಳಗೆ ಓಡಿದ್ದು ಕಾಣಿಸಿತು.

ಮದುವೆ ವೈಶಾಖದಲ್ಲಿ ವಡೋದರಾದಲ್ಲಿ ಆಯಿತು, ಅರ್ಧ ನಮ್ಮ ಕ್ರಮ, ಅರ್ಧ ಅವರ ಕ್ರಮ. ಗೇಟಿನ ಕಂಬಕ್ಕೆ ದಿನೇಶಭಾಯಿ ಬಣ್ಣ ಹೊಡೆಸಿದ್ದಾರೆ. ಸೂರತ್ತಿನಿಂದ ಬಂದ ಮೇಲೆ ವ್ಯಾಯಾಮದ ಹುಡುಗಿ ನನ್ನ ಭುಜ ನೋಡಿ ಹೌಹಾರಿ, ಇನ್ನು ಕೆಲವು ತಿಂಗಳು ಸ್ಟೀರಿಂಗ್ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದಳು. ಹಾಗಾಗಿ ವಸಂತಿ ಕಲಿತಳು. ಮರೆಯಬೇಕಾದ ಹಳೆಯ ಕಾರು ಅವಳ ಕೈಯಲ್ಲಿ ಇರಲಿಲ್ಲವಾದ್ದರಿಂದ ಬೇಗ ಕಲಿತಳು. ಸ್ಟೀರಿಂಗ್ ಎಂದರೆ ಹೀಗೇ ಇರುತ್ತದೆ ಎಂದು ಅವಳು ತಿಳಿದಿದ್ದಾಳೆ, ನಾನು ತಿದ್ದಲು ಹೋಗಿಲ್ಲ.

ದಿನೇಶಭಾಯಿಯವರು ಕೊನೆಗೆ ಜೀಪು ಮಾರಿ, ನಮ್ಮದೇ ಮಾದರಿಯ ಕಾರು ಕೊಂಡಿದ್ದಾರೆ. ಆಗಾಗ ಫೋನು ಮಾಡಿ ಸಲಹೆ ಕೇಳುತ್ತಾರೆ, ಈ ವಿಷಯದಲ್ಲಿ ಅವರಿಗೆ ನನ್ನ ಮೇಲೆ ಬಹಳ ಗೌರವ. ಮೊನ್ನೆ ಸಂತೆಯಿಂದ ವಾಪಸ್ಸು ಬರುವಾಗ ಅವರ ಫೋನು ಬಂತು. ನಾನು ಎಡಗಡೆಯ ಸೀಟಿನಲ್ಲಿ ಸೊಪ್ಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮುಖವಾಗಿ ಹೋಗುವಾಗ ಯಾವಾಗ ತಿರುಗಿಸಬೇಕು, ಎಷ್ಟು ತಿರುಗಿಸಬೇಕು, ಯಾವಾಗ ನೆಟ್ಟಗೆ ಮಾಡಬೇಕು ಎಂಬುದನ್ನೆಲ್ಲ ಸಾವಧಾನವಾಗಿ ಬಿಡಿಸಿ ಹೇಳಿದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡರು. ಹೇಳಿ ಮುಗಿಸಿ ನೋಡಿದರೆ ಎಂಜಿನ್ ಆರಿತ್ತು, ಕಾರು ನಮ್ಮ ಜಾಗದಲ್ಲಿತ್ತು, ವಸಂತಿ ಲಿಫ್ಟಿನ ಬಾಗಿಲು ಹಿಡಿದು ನನಗಾಗಿ ಕಾಯುತ್ತಿದ್ದಳು. ನಾವು ಯಾವಾಗ ಹಿಂದಕ್ಕೆ ಬಂದೆವು, ಯಾವಾಗ ನಿಂತೆವು, ನನಗೆ ತಿಳಿದೇ ಇರಲಿಲ್ಲ. ಆ ಕಡೆಯಿಂದ ದಿನೇಶಭಾಯಿ, ನಿಮ್ಮ ಕೆಲಸಕ್ಕೆ ತೊಂದರೆ ಕೊಟ್ಟೆನೇನೋ, ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

ತೊಂದರೆಯೇನಿಲ್ಲ, ಕಾರು ನಿಲ್ಲಿಸುತ್ತಿದ್ದೆ, ಈಗ ಮುಗಿಯಿತು, ಎಂದೆ.